ಮಂಜುಗಡ್ಡೆಯ ಮೇಲಿನ ಗಂಟೆಗಳು

ಕಾಚಿಗುಡದಿಂದ ಬೊಲ್ಲಾರಂ, ಮೇಡ್ಚಲ್‌ಗಳ ಕಡೆಗೆ ಹೋಗುವ ರೈಲುಹಳಿ ಮಲ್ಕಾಜ್‌ಗಿರಿಯನ್ನು ಸೀಳಿಕೊಂಡು ಸಾಗುತ್ತದೆ. ಇಲ್ಲಿ ನೆಲೆಸಿದ ನಮಗೆ ನಗರದ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯುವ ಅಭ್ಯಾಸ ತಪ್ಪಿ ಬಹಳ ಕಾಲವಾಯಿತು, ಗಂಟೆಗಳಲ್ಲಿ ಅಳೆಯುತ್ತೇವೆ. 2021ರ ಫೆಬ್ರವರಿಯಲ್ಲಿ ದಾನದ ಹೃದಯವೊಂದನ್ನು ನಾಗೋಲ್‌ನಿಂದ ಜೂಬಿಲಿ ಹಿಲ್ಸ್‌ವರೆಗೆ ಮೆಟ್ರೊ ರೈಲಿನಲ್ಲಿ ಒಯ್ದಾಗ ಆ ಅವಸರದ ಅರ್ಥ ಎಲ್ಲರಿಗೂ ತಿಳಿಯಿತು. ದೇಹದಿಂದ ಹೊರತೆಗೆದ ಹೃದಯಕ್ಕೆ ಸುಮಾರು ನಾಲ್ಕು ಗಂಟೆಗಳ ಅವಧಿ. ಯಕೃತ್ತಿಗೆ ಹನ್ನೆರಡರಷ್ಟು ದೊರೆಯುತ್ತದೆ. ಈ ಗಂಟೆಗಳನ್ನು ಪ್ರಕೃತಿ ಕೊಟ್ಟದ್ದಲ್ಲ. ಮನುಷ್ಯರು ಒಂದೊಂದಾಗಿ ಗಳಿಸಿದ್ದು.

1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮೊದಲ ಬಾರಿಗೆ ಮನುಷ್ಯನಿಗೆ ಯಕೃತ್ತಿನ ಕಸಿ ಮಾಡಿದರು. ಮೂರು ವರ್ಷದ ಆ ಬಾಲಕ ರಕ್ತಸ್ರಾವದಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೀರಿಕೊಂಡ. 1967ರಲ್ಲಿ ಕಸಿ ಪಡೆದ ಹೆಣ್ಣುಮಗುವೊಂದು ವರ್ಷಕ್ಕೂ ಮಿಗಿಲಾಗಿ ಬದುಕಿತು. ಅಂಗವನ್ನು ತಣ್ಣಗಿಡಬೇಕೆಂಬುದು ಆಗಲೇ ತಿಳಿದಿತ್ತು. ಆದರೆ ತಂಪು ಏನನ್ನು ಉಳಿಸುತ್ತದೆ, ಏನನ್ನು ಕೆಡಿಸುತ್ತದೆ ಎಂಬುದು ಸ್ಪಷ್ಟವಾಗಿರಲಿಲ್ಲ.

ಇದರ ಉತ್ತರದ ಬೀಜ ಬಹಳ ಹಿಂದೆಯೇ, ಅದೂ ತೆಲುಗು ನಾಡಿನ ಒಬ್ಬರ ಕೈಯಿಂದ ಬಿದ್ದಿತ್ತು. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಡನೆ ದುಡಿದು 1929ರಲ್ಲಿ ಎಟಿಪಿ ಎಂಬ ಅಣುವನ್ನು ಗುರುತಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್‌ಮನ್ ಕೂಡ ಅದನ್ನು ಕಂಡರು. ಫಿಸ್ಕ್ ಮತ್ತು ಸುಬ್ಬರಾವ್ ಅವರ ಪ್ರಬಂಧದ ಶೀರ್ಷಿಕೆಯಲ್ಲಿಯೇ ಸ್ನಾಯುವಿನ ಜೊತೆಗೆ ಯಕೃತ್ತಿನ ಹೆಸರಿದೆ. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲವೆಂಬುದು ಬೇರೆ ಕತೆ.

ಎಟಿಪಿ ಜೀವಕೋಶದ ಕೈಕಾಸು. ಸೋಡಿಯಂ ಅನ್ನು ಹೊರದೂಡಿ ಪೊಟ್ಯಾಸಿಯಂ ಅನ್ನು ಒಳಗಿರಿಸಿಕೊಳ್ಳುವ ಕೋಶಪೊರೆಯ ಪಂಪು ನಡೆಯುವುದು ಅದರಿಂದಲೇ. ರಕ್ತ ನಿಂತೊಡನೆ ಕಾಸು ಕರಗತೊಡಗುತ್ತದೆ. ನಾಲ್ಕು ಡಿಗ್ರಿಗೆ ತಂಪಾಗಿಸಿದರೆ ಖರ್ಚು ಹತ್ತರಲ್ಲಿ ಒಂದರಷ್ಟಕ್ಕೆ ಇಳಿಯುತ್ತದೆ, ನಿಜ. ಆದರೆ ಆ ಚಳಿಯಲ್ಲಿ ಪಂಪು ಕೂಡ ನಿಲ್ಲುತ್ತದೆ. ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆಯೇ ನೀರು. ಕೋಶ ಊದಿಕೊಳ್ಳುತ್ತದೆ.

1969ರಲ್ಲಿ ಜೆಫ್ರಿ ಕಾಲಿನ್ಸ್ ಮೂತ್ರಪಿಂಡಕ್ಕಾಗಿ, ಕೋಶದ ಒಳಗಿನಂತೆಯೇ ಪೊಟ್ಯಾಸಿಯಂ ಹೆಚ್ಚಾಗಿರುವ ದ್ರಾವಣವೊಂದನ್ನು ರೂಪಿಸಿದರು. ಯಕೃತ್ತಿಗೆ ಅದರಿಂದ ದೊರೆತದ್ದು ಆರೆಂಟು ಗಂಟೆ. ಸರಿರಾತ್ರಿಯಾದರೂ ಶಸ್ತ್ರವೈದ್ಯರು ಓಡಲೇಬೇಕಾದ ಕಾಲ ಅದು. 1980ರ ದಶಕದ ಉತ್ತರಾರ್ಧದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫೋಲ್ಕರ್ಟ್ ಬೆಲ್ಜರ್ ಮತ್ತು ಜೇಮ್ಸ್ ಸೌತರ್ಡ್ ಈ ಕಟ್ಟನ್ನು ಬಿಡಿಸಿದರು. ಕೋಶದೊಳಕ್ಕೆ ನುಸುಳಲಾರದ ದೊಡ್ಡ ಅಣುಗಳಾದ ಲ್ಯಾಕ್ಟೋಬಯೋನೇಟ್ ಮತ್ತು ರಾಫಿನೋಸ್ ನೀರನ್ನು ಹೊರಗೇ ಹಿಡಿದಿಟ್ಟವು. ಎಟಿಪಿಯನ್ನು ಮರಳಿ ಕಟ್ಟಿಕೊಳ್ಳಲು ಅಡಿನೋಸಿನ್ ಸೇರಿಸಿದರು. ಈ ದ್ರಾವಣದಿಂದ ಶಸ್ತ್ರಚಿಕಿತ್ಸೆ ಹಗಲಿಗೆ ಬಂದಿತು. ಅಂಗವು ಊರಿಂದೂರಿಗೆ ಪಯಣಿಸುವಂತಾಯಿತು. ಭಾರತದ 1994ರ ಅಂಗಾಂಗ ಕಸಿ ಕಾಯಿದೆ, ಹೈದರಾಬಾದಿನ ನಿಮ್ಸ್‌ನಿಂದ 2013ರಲ್ಲಿ ಮೊದಲಾದ ಜೀವನ್‌ದಾನ್, ಕರ್ನಾಟಕದ ಜೀವಸಾರ್ಥಕತೆ, ಇವೆಲ್ಲ ಕಾಗದದ ಮೇಲಿನ ವ್ಯವಸ್ಥೆಗಳಾಗಿ ಉಳಿಯದಿರಲು ಇಂಥ ದ್ರಾವಣಗಳು ಮತ್ತು ಒಂದು ಮಂಜುಗಡ್ಡೆಯ ಪೆಟ್ಟಿಗೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಆದರೆ ಗಳಿಸಿದ ಗಂಟೆ ಸಾಲದ ಗಂಟೆ. ಬಡ್ಡಿ ಕಟ್ಟಬೇಕಾಗುವುದು ರಕ್ತ ಮರಳಿದ ಕ್ಷಣದಲ್ಲಿ. ಒಡೆದ ಎಟಿಪಿಯ ಚೂರುಗಳು ಕೋಶದಲ್ಲಿ ಶೇಖರವಾಗಿರುತ್ತವೆ; ಆಮ್ಲಜನಕ ಸೇರಿದೊಡನೆ ಅವುಗಳಿಂದ ವಿನಾಶಕಾರಿ ಕಣಗಳು ಹುಟ್ಟಬಲ್ಲವೆಂದು 1981ರಲ್ಲಿ ಗ್ರೇಂಜರ್, ಮೆಕ್‌ಕಾರ್ಡ್ ಮೊದಲಾದವರು ಬೆಕ್ಕಿನ ಕರುಳಿನಲ್ಲಿ ತೋರಿಸಿದರು. ಬೆಲ್ಜರ್ ದ್ರಾವಣದಲ್ಲಿ ಅಲೋಪ್ಯೂರಿನಾಲ್ ಮತ್ತು ಗ್ಲುಟಾಥಯೋನ್ ಇರುವುದು ಇದನ್ನು ತಡೆಯಲೆಂದೇ. ಪೂರ್ತಿ ತಡೆಯಲಾಗಿಲ್ಲ. ಪಿತ್ತನಾಳಗಳಿಗೆ ಅಪಧಮನಿಯೊಂದೇ ಆಸರೆಯಾದ್ದರಿಂದ ಅವು ಬೇಗ ನೋಯುತ್ತವೆ. ಕೊಬ್ಬು ತುಂಬಿದ ಯಕೃತ್ತಂತೂ ಚಳಿಯನ್ನು ತಾಳುವುದೇ ಕಡಿಮೆ. ಬಿರಿಯಾನಿಯ ಊರಿನಲ್ಲಿ ಕುಳಿತು ದುಡಿಯುವ ನಮ್ಮಂಥವರು ದಾನಪತ್ರಕ್ಕೆ ಸಹಿ ಹಾಕಿದ ಮೇಲೂ ಇದನ್ನು ನೆನೆಯಬೇಕು: ದುಃಖದ ನಡುವೆ ಒಂದು ಕುಟುಂಬ ಒಪ್ಪಿ ಕೊಟ್ಟ ಅಂಗ ಯಾರ ಒಡಲನ್ನೂ ಸೇರದೆ ಹೋಗುವುದುಂಟು.

ವಿಚಿತ್ರವೆಂದರೆ ಇದಕ್ಕೆ ಈಗ ಹುಡುಕುತ್ತಿರುವ ಪರಿಹಾರ ಬೆಲ್ಜರರ ಹಳೆಯ ದಾರಿಯಲ್ಲೇ ಇತ್ತು. 1967ರಲ್ಲಿ ಅವರು ನಾಯಿಯ ಮೂತ್ರಪಿಂಡದಲ್ಲಿ ಯಂತ್ರದ ಮೂಲಕ ದ್ರವ ಹರಿಸುತ್ತ ಅದನ್ನು 72 ಗಂಟೆ ಕಾಪಾಡಿದ್ದರು. ಮುಂದೆ ಅಗ್ಗದ ಪೆಟ್ಟಿಗೆ ಗೆದ್ದಿತು, ಯಂತ್ರ ಮೂಲೆ ಸೇರಿತು. ಆಕ್ಸ್‌ಫರ್ಡಿನ ಪೀಟರ್ ಫ್ರೆಂಡ್ ಮತ್ತು ಕಾನ್‌ಸ್ಟಾಂಟಿನ್ ಕೂಸಿಯೋಸ್ ಅವರ ಯಂತ್ರ ಯಕೃತ್ತಿಗೆ ದೇಹದ ಬಿಸುಪಿನಲ್ಲೇ ರಕ್ತ ಹರಿಸುತ್ತದೆ. 2018ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ ಅಂಗದ ಹಾನಿಯೂ, ಬಳಸದೆ ಬಿಡುವ ಅಂಗಗಳ ಪ್ರಮಾಣವೂ ಅರ್ಧಕ್ಕೆ ಇಳಿದವು. ಕಸಿಗೆ ಮೊದಲೇ ಅಂಗ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದೆಂಬುದು ಅದರ ದೊಡ್ಡ ಲಾಭ; ಬೆಲೆ ದೊಡ್ಡ ತೊಡಕು.

ಹಾಗಾಗಿ ಪೆಟ್ಟಿಗೆ ಇನ್ನೂ ಮರೆಯಾಗಿಲ್ಲ. ಅದರಿಂದ ತೆಗೆದ ಯಕೃತ್ತನ್ನು ರಕ್ತಕ್ಕೆ ಒಡ್ಡುವ ಮೊದಲು ಒಳಗಿನ ದ್ರಾವಣವನ್ನು ತೊಳೆದು ಹೊರಹಾಕುತ್ತಾರೆ. ಇಷ್ಟು ಹೊತ್ತು ಅದನ್ನು ಕಾಪಾಡಿದ ಪೊಟ್ಯಾಸಿಯಂ ಒಮ್ಮೆಲೇ ರೋಗಿಯ ರಕ್ತ ಸೇರಿದರೆ ಹೃದಯವೇ ನಿಲ್ಲಬಹುದು. ಬಳಿಕ ರಕ್ತನಾಳದ ಹಿಡಿಕೆಗಳನ್ನು ಸಡಿಲಿಸುತ್ತಾರೆ. ಕಳೆಗುಂದಿದ ಅಂಗ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ವೈದ್ಯರು ಪಿತ್ತರಸದ ಮೊದಲ ಹನಿಗಾಗಿ ಕಾಯುತ್ತಾರೆ.