ಪರ್ಮಿಟ್ಟಿನ ಮೇಲಿನ ಒಂದು ಪದ

ನಮ್ಮ ಭಾಗದ ಹಳೆಯ ಮುಸ್ಲಿಮ್ ಮನೆಗಳಲ್ಲಿ ಒಂದು ಪ್ರಶ್ನೆಯನ್ನು ಮೆಲ್ಲಗೆ ಕೇಳಬೇಕಾಗುತ್ತದೆ: 'ಕರಾಚಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?' ರಾಯಚೂರಾಗಲಿ, ಮಾನ್ವಿ, ದೇವದುರ್ಗಗಳಾಗಲಿ, ಉತ್ತರಿಸುವ ಮೊದಲು ಹಿರಿಯರು ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಬಳಿಕ ಒಬ್ಬ ಮಾಮುವಿನ ಹೆಸರೋ ಒಬ್ಬ ಫೂಫಿಯ ಹೆಸರೋ ಬರುತ್ತದೆ. ಮಾತು ಬಂದು ನಿಲ್ಲುವುದು ಹೆಚ್ಚಾಗಿ ಒಂದೇ ಕಡೆ: "ತಾಯಿ ತೀರಿಕೊಂಡಾಗ ಬರಲಿಕ್ಕೆ ಆಗಲಿಲ್ಲ."

ದಾರಿ ಇರಲಿಲ್ಲವೆಂದಲ್ಲ. ಮಾನ್ವಿ, ದೇವದುರ್ಗಗಳಿಗೆ ಆಗ ರೈಲು ಇರದಿದ್ದರೂ ರಾಯಚೂರಿನ ಮೂಲಕ 1871ರಲ್ಲೇ ಬೊಂಬಾಯಿ–ಮದರಾಸು ರೈಲುಮಾರ್ಗ ಕೂಡಿಕೊಂಡಿತ್ತು. ಬೊಂಬಾಯಿಯಿಂದ ಕರಾಚಿಗೆ ಹಡಗಿತ್ತು. ಅಡ್ಡ ಬಂದದ್ದು ಒಂದು ಕಾಗದ.

1948ರ ಜುಲೈ 19ರಿಂದ ಭಾರತ ಸರ್ಕಾರ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯ ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾಕಿಸ್ತಾನವೂ ಅದನ್ನೇ ಮಾಡಿತು. ಆ ಜುಲೈನಲ್ಲಿ ರಾಯಚೂರು ಇನ್ನೂ ನಿಜಾಮರ ಸಂಸ್ಥಾನದ ಜಿಲ್ಲೆ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ರಜಾಕಾರರು ಮಾಡಿದ ಅನ್ಯಾಯದ ಬೆಲೆಯನ್ನು ಅವರೊಂದಿಗೆ ಯಾವ ಸಂಬಂಧವೂ ಇಲ್ಲದ ಮುಸ್ಲಿಮರೂ ತೆರಬೇಕಾಯಿತು. ಭಯದಿಂದ ಕೆಲವರು, ನೌಕರಿ ಹೋಯಿತೆಂದು ಕೆಲವರು ಕರಾಚಿಯ ದಾರಿ ಹಿಡಿದರು. ಬಹುಪಾಲು ಜನ ಇಲ್ಲೇ ಉಳಿದರು. ಹಾಗೆ ಹೊರಟವರಲ್ಲಿ ಎಷ್ಟು ಮಂದಿಗೆ ತಮ್ಮ ಹಿಂದೆ ಬಾಗಿಲು ಆಗಲೇ ಮುಚ್ಚಿದೆಯೆಂಬುದು ಗೊತ್ತಿತ್ತೋ!

ಮರಳಿ ಬರಬೇಕೆಂದವರು ಅಂದಿನ ಪಾಕಿಸ್ತಾನದ ರಾಜಧಾನಿ ಕರಾಚಿಯಲ್ಲಿದ್ದ ಭಾರತದ ಹೈಕಮಿಷನ್ ಕಚೇರಿಗೆ ಅರ್ಜಿ ಹಾಕಬೇಕಿತ್ತು. ಪರ್ಮಿಟ್‌ಗಳಲ್ಲಿ ಬಗೆಗಳಿದ್ದವು: ತಾತ್ಕಾಲಿಕ ಭೇಟಿಗೆ ಒಂದು, ಶಾಶ್ವತವಾಗಿ ಮರಳಿ ನೆಲೆಸಲು ಇನ್ನೊಂದು. ಎರಡನೆಯದು ಸಿಗುವುದು ಬಹಳ ಕಷ್ಟ. ತಾಯಿಗೆ ಕಾಯಿಲೆ, ತಂಗಿಯ ಮದುವೆ ಎಂದವನು ಸಹಜವಾಗಿಯೇ ತಾತ್ಕಾಲಿಕ ಪರ್ಮಿಟ್ ಕೇಳುತ್ತಿದ್ದ.

ಆದರೆ ಆ 'ತಾತ್ಕಾಲಿಕ' ಎಂಬ ಪದಕ್ಕೆ ದೊಡ್ಡ ಬೆಲೆಯಿತ್ತು. ಸಂವಿಧಾನದ 7ನೇ ವಿಧಿಯಂತೆ, 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ಭಾರತದ ಪ್ರಜೆಗಳಲ್ಲ. ಮರಳಿ ನೆಲೆಸುವ ಪರ್ಮಿಟ್ ಮೇಲೆ ಬಂದವರಿಗೆ ಮಾತ್ರ ವಿನಾಯಿತಿ. ತಾಯಿಯ ಮುಖ ನೋಡಲು ತಾತ್ಕಾಲಿಕ ಪರ್ಮಿಟ್ ಪಡೆದವನು, ತಾನು ಈ ದೇಶದವನಲ್ಲವೆಂದು ತನ್ನ ಕೈಯಾರೆ ಬರೆದುಕೊಟ್ಟಂತಾಗುತ್ತಿತ್ತು.

ಇದು ನನ್ನ ಊಹೆಯಲ್ಲ. ಬಿಹಾರದ ಒಬ್ಬ ಮಹಿಳೆ 1948ರ ಜುಲೈನಲ್ಲಿ ಕರಾಚಿಗೆ ಹೋಗಿ, ಡಿಸೆಂಬರ್‌ನಲ್ಲಿ ತಾತ್ಕಾಲಿಕ ಪರ್ಮಿಟ್ ಮೇಲೆ ಬಂದು, ಮತ್ತೆ ಹೋದರು. ಆ ಬಳಿಕ ದೊರೆತ ಶಾಶ್ವತ ಪರ್ಮಿಟ್ ರದ್ದಾಯಿತು. ತಾನು ಹೋದದ್ದು ಚಿಕಿತ್ಸೆಗಾಗಿ, ಗಂಡ ಭಾರತದಲ್ಲೇ ಇದ್ದಾರೆ ಎಂಬ ಅವರ ವಾದ ನಿಲ್ಲಲಿಲ್ಲ. ಅವರು ಭಾರತದ ಪ್ರಜೆಯಲ್ಲವೆಂದು 1955ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ತಾತ್ಕಾಲಿಕ ಪರ್ಮಿಟ್ ಅವರ ವಿರುದ್ಧದ ಸಾಕ್ಷ್ಯವಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 1954ರಲ್ಲಿ, ಅದೇ ನ್ಯಾಯಾಲಯ ಪರ್ಮಿಟ್ ಇಲ್ಲವೆಂಬ ಕಾರಣಕ್ಕೆ ಭಾರತದ ಪ್ರಜೆಯನ್ನೇ ದೇಶದಿಂದ ಹೊರಹಾಕುವುದು ಸಲ್ಲದು ಎಂದು ಹೇಳಿತ್ತು. ಆದರೆ ತಾನು ಪ್ರಜೆಯೆಂದು ಸಾಬೀತು ಮಾಡುವುದೇ ಬಡವನಿಗೆ ಬೆಟ್ಟ.

1952ರ ಅಕ್ಟೋಬರ್‌ನಲ್ಲಿ ಪಾಸ್‌ಪೋರ್ಟ್, ವೀಸಾ ಬಂದವು. ವೀಸಾದಲ್ಲಿ ಊರಿನ ಹೆಸರು ನಮೂದಾಗಬೇಕು, ಬಂದಕೂಡಲೇ ಪೊಲೀಸರಿಗೆ ವರದಿ ಮಾಡಬೇಕು. ರಾಯಚೂರಿಗೆ ವೀಸಾ ಪಡೆದವನು ಹೈದರಾಬಾದಿನಲ್ಲಿರುವ ಅಕ್ಕನನ್ನು ನೋಡಲು ಹೋಗುವಂತಿಲ್ಲ. 1965ರ ಯುದ್ಧದಲ್ಲಿ ಮುನಾಬಾವ್–ಖೋಖ್ರಾಪಾರ್ ರೈಲು ನಿಂತಿತು. ಅದು ಮತ್ತೆ ಓಡಿದ್ದು 2006ರಲ್ಲಿ. 2019ರಲ್ಲಿ ಪುನಃ ನಿಂತಿತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಆ ಬೆನ್ನಿಗೇ ಪಾಕಿಸ್ತಾನಿಯರ ವೀಸಾಗಳು ರದ್ದಾದವು. ಚಿಕಿತ್ಸೆಗೆ ಬಂದವರಿಗೆ ಏಪ್ರಿಲ್ 29ರ ಗಡುವು. ದೀರ್ಘಾವಧಿ ವೀಸಾ ಇದ್ದವರನ್ನು ಹೊರತುಪಡಿಸಲಾಯಿತು.

ಗಡಿಯನ್ನು ಕಾಯುವುದು ಸರ್ಕಾರದ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಕೊಲೆಗಡುಕನಿಗೆ ಕರುಣೆ ತೋರಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ತಾಯಿಯ ಮಯ್ಯತ್‌ಗೆ ಹೆಗಲು ಕೊಡಲು ಬರುವ ಮಗನನ್ನೂ ಅವನ ಸಾಲಿನಲ್ಲೇ ನಿಲ್ಲಿಸಬೇಕೇ?

ಇದು ಮುಸ್ಲಿಮರೊಬ್ಬರ ಸಂಕಟವೂ ಅಲ್ಲ. ಇದೇ ಜಿಲ್ಲೆಯ ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿವೆ. ದಶಕಗಳ ಕಾಲ ಅವರೂ ಪೌರತ್ವದ ಕಾಗದಕ್ಕಾಗಿ ಅಲೆದವರೇ. ಅಲ್ಲಿಯ ಅಜ್ಜಿಯೂ ನಮ್ಮ ದಾದಿಯೂ ಒಮ್ಮೆ ಎದುರುಬದುರು ಕುಳಿತರೆ, ಭಾಷೆ ತಿಳಿಯದಿದ್ದರೂ ಕಥೆ ತಿಳಿದೀತು.

ರಕ್ತಸಂಬಂಧವನ್ನು ಕಡಿಯಬೇಡಿ ಎಂದು ನಮ್ಮ ಧರ್ಮ ಹೇಳುತ್ತದೆ. ಕಡಿಯದೆ ಉಳಿಸಿಕೊಳ್ಳಲು ಈ ಊರುಗಳ ಜನ ಅರ್ಜಿ ಬರೆದರು, ಕಾದರು, ಮತ್ತೆ ಬರೆದರು. ಉತ್ತರ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ನಲವತ್ತನೆಯ ದಿನದ ಫಾತಿಹಾ ಕೂಡ ಮುಗಿದಿರುತ್ತಿತ್ತು.