ಅಟ್ಟದ ಮೇಲಿನ ಕಟ್ಟು



ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟವಿಲ್ಲದ ಹಳೆಯ ತೋಟದ ಮನೆಯನ್ನು ಕಾಣುವುದು ಅಪರೂಪ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದುಕೊಟ್ಟದ್ದು ಈ ತಾಳ್ಮೆಯೇ. ಆದರೆ ಅದೇ ಅಟ್ಟದ ಮೂಲೆಯಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಮತ್ತೊಂದು ವಸ್ತು ಇರುವುದುಂಟು: ಅಜ್ಜನ ಕಾಲದ ಓಲೆಯ ಕಟ್ಟು, ಹರಿದ ಲೆಕ್ಕದ ಪುಸ್ತಕ, ಯಾರೋ ಅಂದವಾಗಿ ಬರೆದಿಟ್ಟ ಯಕ್ಷಗಾನ ಪ್ರಸಂಗ. ಕಾಯಿಯನ್ನು ಹಣ್ಣು ಮಾಡುವ ಅಟ್ಟ ಕಾಗದವನ್ನು ಮಾತ್ರ ಕೊಲ್ಲುತ್ತದೆ. ಬಿಸಿಲಿನ ಕಾವು, ಮಳೆಗಾಲದ ತೇವ, ಇಲಿ, ಗೆದ್ದಲು ಇವೆಲ್ಲ ಅಲ್ಲಿ ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ.

ಈ ಕಟ್ಟುಗಳಿಗೂ ನಮ್ಮ ವಿಶ್ವವಿದ್ಯಾನಿಲಯಗಳ ದೊಡ್ಡ ಗ್ರಂಥಾಲಯಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಗ್ರಂಥಾಲಯಗಳನ್ನು ಅರಸರು ಕಟ್ಟಿಸಿದರು, ಸರ್ಕಾರಗಳು ನಡೆಸಿದವು, ನಿಜ. ಆದರೆ ಅವುಗಳ ಕಪಾಟುಗಳನ್ನು ತುಂಬಿದ್ದರಲ್ಲಿ ಸಂಬಳವಿಲ್ಲದ ಕೈಗಳ ಪಾಲು ಬಹು ದೊಡ್ಡದು. ಮನೆಯಲ್ಲಿದ್ದುದನ್ನು ತಂದುಕೊಟ್ಟವರು, ಪ್ರತಿ ಮಾಡಿದವರು, ಧೂಳು ಒರೆಸಿ ಪಟ್ಟಿ ಬರೆದವರು ಎಷ್ಟೋ ಮಂದಿ. ಅವರ ಚರಿತ್ರೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಕನ್ನಡ ನಾಡಿನಲ್ಲಿ ಈ ಸೇವೆಗೆ ಬಹಳ ಹಳೆಯ ಹೆಸರೊಂದಿದೆ: ಶಾಸ್ತ್ರದಾನ. ಅನ್ನದಾನ, ಔಷಧದಾನ, ಅಭಯದಾನಗಳ ಜೊತೆಗೆ ಗ್ರಂಥದ ದಾನವನ್ನೂ ಜೈನ ಸಂಪ್ರದಾಯ ಪುಣ್ಯಕಾರ್ಯವೆಂದು ಎಣಿಸಿತು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ದಾನಚಿಂತಾಮಣಿ ಎಂಬ ಬಿರುದಿನ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಅಕ್ಷರವನ್ನೂ ಕಬ್ಬಿಣದ ಕಂಟದಿಂದ ಓಲೆಯ ಮೇಲೆ ಕೊರೆಯಬೇಕು. ಬಳಿಕ ಮಸಿಯನ್ನು ತೀಡಿ ಒರೆಸಬೇಕು. ಆಗ ಮಾತ್ರ ಕೊರೆದ ಗೆರೆಯಲ್ಲಿ ಕಪ್ಪು ನಿಂತು ಅಕ್ಷರ ಕಾಣುತ್ತದೆ. ಹಾಗೆ ಸಾವಿರ ಪ್ರತಿ! ಅತ್ತಿಮಬ್ಬೆಯ ಹೆಸರು ಉಳಿಯಿತು. ಓಲೆಯ ಮೇಲೆ ಬಾಗಿ ಕುಳಿತ ಲಿಪಿಕಾರರ ಹೆಸರುಗಳು ಉಳಿಯಲಿಲ್ಲ.

ಪಶ್ಚಿಮದಲ್ಲಿಯೂ ಇದೇ ಕಥೆ. ಆರನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯದ ವೈಭವ ಕುಸಿದ ಮೇಲೆ, ದಕ್ಷಿಣ ಇಟಲಿಯ ವಿವೇರಿಯಮ್ ಎಂಬಲ್ಲಿ ಕ್ಯಾಸಿಯೊಡೋರಸ್ ಎಂಬ ವಿದ್ವಾಂಸ ಒಂದು ಮಠವನ್ನು ಸ್ಥಾಪಿಸಿದ. ಗ್ರಂಥಗಳ ಪ್ರತಿ ಮಾಡುವುದನ್ನೇ ಸನ್ಯಾಸಿಗಳಿಗೆ ಯೋಗ್ಯವಾದ ಕಾಯಕವೆಂದು ಅವನು ಬೋಧಿಸಿದ. ಪವಿತ್ರ ಗ್ರಂಥಗಳಷ್ಟೇ ಅಲ್ಲ, ಇತರ ಶಾಸ್ತ್ರಗ್ರಂಥಗಳೂ ಯುರೋಪಿನ ಮಠಗಳ ಇಂತಹ ಲೇಖನಶಾಲೆಗಳ ಮೂಲಕ ಮುಂದಿನ ಪೀಳಿಗೆಗಳಿಗೆ ದಾಟಿದವು.

ಈಗ ನಮ್ಮ ನಾಡಿಗೆ ಮರಳೋಣ. 1891ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಮಠ, ಮನೆ, ಬಸದಿಗಳಲ್ಲಿ ಚದುರಿದ್ದ ಸಂಸ್ಕೃತ ಮತ್ತು ಕನ್ನಡ ಹಸ್ತಪ್ರತಿಗಳನ್ನು ಸಂಗ್ರಹಿಸಿ ಅಚ್ಚಿಗೆ ತರುವುದು ಅದರ ಉದ್ದೇಶ. ಒಮ್ಮೆ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ಈ ಗ್ರಂಥಾಲಯಕ್ಕೆ ಒಪ್ಪಿಸಿದರು. ಅಲ್ಲಿ ಸೇವೆಯಲ್ಲಿದ್ದವರು ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು. ಕಟ್ಟನ್ನು ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಅವರಿಗೆ ತಿಳಿಯಿತು. ಆವರೆಗೆ ಆಧುನಿಕ ವಿದ್ವಾಂಸರು ಆ ಗ್ರಂಥವನ್ನು ಇತರ ಕೃತಿಗಳಲ್ಲಿನ ಉಲ್ಲೇಖಗಳಿಂದ ಮಾತ್ರ ಬಲ್ಲವರಾಗಿದ್ದರು. 1905ರಿಂದ ಶಾಸ್ತ್ರಿಗಳ ಇಂಗ್ಲಿಷ್ ಅನುವಾದದ ಭಾಗಗಳು ಬೆಳಕಿಗೆ ಬಂದವು. 1909ರಲ್ಲಿ ಮೂಲಪಾಠ ಅಚ್ಚಾಯಿತು. 1915ರಲ್ಲಿ ಪೂರ್ಣ ಅನುವಾದ ಹೊರಬಂದಿತು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಬಗ್ಗೆ ಜಗತ್ತಿನ ತಿಳಿವಳಿಕೆಯೇ ಬದಲಾಯಿತು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕೌಟಿಲ್ಯನನ್ನು ಬಲ್ಲೆವು, ಶಾಮಾಶಾಸ್ತ್ರಿಗಳನ್ನು ಬಲ್ಲೆವು. ಆ ಕಟ್ಟನ್ನು ಹೊತ್ತು ತಂದ ಪಂಡಿತರ ಹೆಸರು ನಮ್ಮವರೆಗೆ ಬಂದಿಲ್ಲ. ಅವರು ಅದನ್ನು ಮನೆಯಲ್ಲಿಯೇ ಪೂಜೆಗಿಟ್ಟುಕೊಂಡಿದ್ದರೆ? ಹಳೆಯ ಓಲೆಯೆಂದು ಹೊಳೆಗೆ ಬಿಟ್ಟಿದ್ದರೆ? ಇಂದು ಆಡಳಿತದ ಪಾಠ ಹೇಳುವ ಎಷ್ಟೋ ಪುಸ್ತಕಗಳಲ್ಲಿ ಆ ಗ್ರಂಥದ ಮಾತೇ ಇರುತ್ತಿರಲಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಓರಿಯಂಟಲ್ ಲೈಬ್ರರಿ ಅದರ ಆಡಳಿತಕ್ಕೆ ಸೇರಿ, ಮುಂದೆ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. 1966ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿ, ಕನ್ನಡದ ಹಸ್ತಪ್ರತಿಗಳಿಗೆ ಅದು ದೊಡ್ಡ ಆಸರೆಯಾಯಿತು. ನಮ್ಮ ಈ ತೆಂಗಿನ ಸೀಮೆಯ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರೂ ಆ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ಕನ್ನಡಕ್ಕೆ ದುಡಿದವರೇ. ಹಳ್ಳಿಯ ಮನೆಗೂ ವಿಶ್ವವಿದ್ಯಾನಿಲಯದ ಓದುಕೋಣೆಗೂ ನಡುವೆ ಇರುವ ದಾರಿ ನಾವು ಎಣಿಸಿದಷ್ಟು ದೂರವೇನೂ ಅಲ್ಲ.

ನಮ್ಮ ಸೀಮೆಯ ಅಟ್ಟಗಳಲ್ಲಿ ಏನಿರಬಹುದು? ಒಂದು ಕಾಲದಲ್ಲಿ ಹೊನ್ನವಳ್ಳಿಯೇ ತಾಲ್ಲೂಕು ಕೇಂದ್ರವಾಗಿತ್ತು. ಆ ಸ್ಥಾನ ತಿಪಟೂರಿಗೆ ಹೋದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಕಚೇರಿಯಿದ್ದ ಊರೆಂದರೆ ಶಾನುಭೋಗರ ಲೆಕ್ಕ, ಕಂದಾಯದ ಬರಹ, ಕೆರೆ ತೋಟಗಳ ವಿವರ ಇದ್ದ ಊರು. ಹಿಂದೆ ಇಂತಹ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಕಡತವೆಂದರೆ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಕಡತವೆನ್ನುವಾಗ ನಾವು ಆ ಹಳೆಯ ಕಪ್ಪು ಬಟ್ಟೆಯನ್ನೇ ನೆನೆಯುತ್ತೇವೆ. ಓಲೆಯ ಬಗ್ಗೆಯೂ ಒಂದು ಮಾತು: ತೆಂಗಿನ ಗರಿ ಬರವಣಿಗೆಗೆ ಒದಗುವುದಿಲ್ಲ, ಅದು ಬಹಳ ಕಿರಿದು. ಗ್ರಂಥಗಳಿಗೆ ಬಳಸಿದ್ದು ತಾಳೆ, ಶ್ರೀತಾಳೆಯ ಗರಿಗಳನ್ನು. ತೆಂಗಿನ ನಡುವೆ ಬದುಕುವ ನಮ್ಮ ಮನೆಯಲ್ಲಿ ಓಲೆಯ ಕಟ್ಟಿದೆಯೆಂದರೆ, ಯಾರೋ ಹಿರಿಯರು ಅದಕ್ಕಾಗಿಯೇ ಗರಿಯನ್ನು ಸಂಪಾದಿಸಿ, ಹದಮಾಡಿ, ಬರೆದಿಟ್ಟರೆಂದೇ ಅರ್ಥ.

ಇನ್ನು ನಮ್ಮ ಕಾಲದ ಸೇವೆಯನ್ನು ನೋಡೋಣ. ಗಣಕಯಂತ್ರ ಬಂದ ಮೇಲೆ ಪ್ರತಿ ಮಾಡುವ ಕಾಯಕ ಹೊಸ ರೂಪ ತಾಳಿತು. 2013ರಲ್ಲಿ ಗೋವಾ ವಿಶ್ವವಿದ್ಯಾಲಯ ತನ್ನ ಕೊಂಕಣಿ ವಿಶ್ವಕೋಶವನ್ನು ಎಲ್ಲರ ಬಳಕೆಗೆ ಮುಕ್ತಗೊಳಿಸಿತು. ಅಲ್ಲಿನ ನಿರ್ಮಲಾ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿಗಳು ಅದರ ಪುಟಗಳನ್ನು ಬೆರಳಚ್ಚು ಮಾಡಲು ಕೈಜೋಡಿಸಿದರು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಹಾಗೆಯೇ ಮುಕ್ತಗೊಳಿಸಿತು. 1969ರಲ್ಲಿ ಮೊದಲ ಸಂಪುಟ ಕಂಡು, ಹದಿನಾಲ್ಕು ಸಂಪುಟಗಳಿಗೆ ಬೆಳೆದ ಮಹಾಕಾರ್ಯವದು. ಕನ್ನಡ ವಿಕಿಸೋರ್ಸ್ ಎಂಬ ಅಂತರಜಾಲದ ಗ್ರಂಥಾಲಯದಲ್ಲಿ ಸ್ವಯಂಸೇವಕರು ಅದರ ಲೇಖನಗಳನ್ನು ಒಂದೊಂದಾಗಿ ಏರಿಸಿದರು. ಗ್ರಂಥಾಲಯದ ಮೆಟ್ಟಿಲನ್ನೇ ಕಾಣದ ಹಳ್ಳಿಯ ಮಗು ಇಂದು ಮೊಬೈಲಿನಲ್ಲಿ ಆ ಲೇಖನಗಳನ್ನು ಓದಬಹುದು.

ಜರ್ಮನಿಯ ಟ್ಯೂಬಿಂಗನ್ ನಗರ ಕನ್ನಡಿಗರಿಗೆ ಪರಿಚಿತವೇ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ಕಣ್ಣುಮುಚ್ಚಿದ ಊರು ಅದು. ಮಲಯಾಳಂ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್ ಅವರ ಗ್ರಂಥಸಂಗ್ರಹ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. 2018ರಲ್ಲಿ ಆ ಗ್ರಂಥಾಲಯ ಗುಂಡರ್ಟ್ ಸಂಗ್ರಹವನ್ನು ಅಂತರಜಾಲದಲ್ಲಿ ತೆರೆದಿಟ್ಟಿತು. ಅದರ ಹಳೆಯ ಮಲಯಾಳಂ ಪುಟಗಳನ್ನು ಓದಿ ತಿದ್ದುವ ಕೆಲಸಕ್ಕೆ ಕೇರಳದ ಸ್ವಯಂಸೇವಕರು ಮುಂದೆ ಬಂದರು. ಬೆಂಗಳೂರಿನಲ್ಲಿಯೂ 2019ರಿಂದ ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಬಳಗ ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಚಿತ್ರವಾಗಿಸಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇರಿಸುತ್ತ ಬಂದಿದೆ. ಬಳಗದ ಹೆಸರೇ ಗಮನಾರ್ಹ: ಜ್ಞಾನದ ಸೇವಕರು.

ಈ ಸೇವೆ ಹೇಗೆ ನಡೆಯುತ್ತದೆ? ಮೊದಲು ಪುಸ್ತಕದ ಒಂದೊಂದು ಪುಟದ ಚಿತ್ರ ತೆಗೆಯುತ್ತಾರೆ. ಆ ಚಿತ್ರದಿಂದ ಯಂತ್ರ ಅಕ್ಷರಗಳನ್ನು ಗುರುತಿಸುತ್ತದೆ. ಆದರೆ ಕನ್ನಡದ ಒತ್ತಕ್ಷರ, ಮಾಸಿದ ಅಚ್ಚು, ಹಳಗನ್ನಡದ ೞ ಮತ್ತು ಱ ಎದುರಾದಾಗ ಯಂತ್ರ ಎಡವುತ್ತದೆ. ಆಗ ಮನುಷ್ಯನ ಕಣ್ಣು ಬೇಕು. ವಿಕಿಸೋರ್ಸ್‌ನಲ್ಲಿ ಚಿತ್ರವನ್ನೂ ಅಕ್ಷರವನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಒಬ್ಬರು ತಿದ್ದುತ್ತಾರೆ. ಆ ಪುಟಕ್ಕೆ ಹಳದಿ ಬಣ್ಣ ಬೀಳುತ್ತದೆ. ಬಳಿಕ ಬೇರೊಬ್ಬರು ಮತ್ತೆ ಪರಿಶೀಲಿಸಿದ ಮೇಲಷ್ಟೇ ಅದಕ್ಕೆ ಹಸಿರು ಬಣ್ಣ. ತಾನು ತಿದ್ದಿದ ಪುಟಕ್ಕೆ ತಾನೇ ಹಸಿರು ಕೊಟ್ಟುಕೊಳ್ಳುವಂತಿಲ್ಲ. ಒಬ್ಬರ ಶ್ರಮಕ್ಕೆ ಇನ್ನೊಬ್ಬರ ಸಾಕ್ಷಿ ಬೇಕೆಂಬ ಈ ನಿಯಮದಲ್ಲಿ ಒಂದು ನಮ್ರತೆಯ ಪಾಠವೂ ಇದೆ.

ಸಂಬಳ ಪಡೆಯುವ ನೌಕರರಿರುವಾಗ ಉಚಿತ ಸೇವೆಯೇಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗ್ರಂಥಪಾಲಕರ ವೃತ್ತಿಯ ಅನ್ನವನ್ನು ಸ್ವಯಂಸೇವೆಯ ಹೆಸರಿನಲ್ಲಿ ಯಾರೂ ಕಿತ್ತುಕೊಳ್ಳಬಾರದು. ತರಬೇತಿ ಪಡೆದವರು ಮಾಡಬೇಕಾದ ಕೆಲಸವನ್ನು ಅವರೇ ಮಾಡಬೇಕು, ಅದಕ್ಕೆ ತಕ್ಕ ವೇತನವೂ ಅವರಿಗೆ ಸಲ್ಲಬೇಕು. ಆದರೆ ಯಾವ ಸಂಬಳವೂ ಕೊಂಡುಕೊಳ್ಳಲಾಗದ ಎರಡು ವಸ್ತುಗಳಿವೆ. ಮನೆಯ ಅಟ್ಟದ ಮೇಲಿರುವುದನ್ನು ಊರಿನವರೇ ತಿಳಿದು ತಿಳಿಸಬೇಕು, ಅದು ಮೊದಲನೆಯದು. ಈ ಸೀಮೆಯ ಮಾತು, ತೋಟದ ಹೆಸರು, ಕೆರೆಯ ತೂಬಿನ ಹೆಸರು ಹಳೆಯ ಬರಹದಲ್ಲಿ ಬಂದಾಗ ಅದನ್ನು ಸರಿಯಾಗಿ ಓದಬಲ್ಲ ಹಿರಿಯರ ನೆನಪು ಎರಡನೆಯದು. ಬಿ.ಎಲ್. ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದಾಗಲೂ, ಹೊಲದ ಬದುವಿನಲ್ಲಿ ನಿಂತ ಕಲ್ಲಿನ ದಾರಿಯನ್ನು ಬಲ್ಲವರು ಆ ಊರುಗಳ ಜನರೇ ಆಗಿದ್ದರಲ್ಲವೇ?

ಹಾಗಾದರೆ ನಾವು ಮಾಡಬಹುದಾದುದೇನು? ಮನೆಯಲ್ಲಿ ಹಳೆಯ ಕಟ್ಟು ಇದ್ದರೆ ಮೊದಲು ಅಟ್ಟದಿಂದ ಇಳಿಸಿ, ಒಣಗಿದ, ಗಾಳಿಯಾಡುವ ಸ್ಥಳದಲ್ಲಿ ಇಡಿ. ಅಂಟಿಕೊಂಡ ಓಲೆಗಳನ್ನು ಬಲವಂತದಿಂದ ಬಿಡಿಸಬೇಡಿ. ನೀರಿನಿಂದ ಒರೆಸಬೇಡಿ, ಬಿರುಬಿಸಿಲಿಗೆ ಹರಡಬೇಡಿ, ಹರಿದ ಕಾಗದಕ್ಕೆ ಅಂಟುಪಟ್ಟಿ ಹಾಕಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಗಟ್ಟಿಯಾದ ಓಲೆಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಮೆದುವಾಗಿಸುವ ಪದ್ಧತಿಯುಂಟು. ಅದನ್ನು ಬಲ್ಲವರೇ ಮಾಡಲಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ, ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಗೋ ಒಂದು ಪತ್ರ ಬರೆಯಿರಿ. ಹಿರಿಯರ ನೆನಪಿನ ವಸ್ತುವನ್ನು ಬಿಟ್ಟುಕೊಡಲು ಮನಸ್ಸು ಒಪ್ಪದಿದ್ದರೆ, ಪುಟಗಳ ಚಿತ್ರ ತೆಗೆಯಲಾದರೂ ಅವಕಾಶ ಕೊಡಿ. ಗ್ರಂಥ ಮನೆಯಲ್ಲಿಯೇ ಇರುತ್ತದೆ, ಅದರ ಅಕ್ಷರ ನಾಡಿಗೆ ಸಲ್ಲುತ್ತದೆ.

ಕಾಲೇಜಿಗೆ ಹೋಗುವ ಮಕ್ಕಳಿಗೂ ಒಂದು ಮಾತು. ರಜೆಯ ದಿನಗಳಲ್ಲಿ ನೀವು ಓದುವ ಕಾಲೇಜಿನ ಗ್ರಂಥಪಾಲಕರನ್ನು ಕಂಡು, ಪುಸ್ತಕ ಜೋಡಿಸುವುದೋ, ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸುವುದೋ, ಏನಾದರೂ ಕೆಲಸವಿದೆಯೇ ಎಂದು ವಿನಯದಿಂದ ಕೇಳಿ. ಮನೆಯಲ್ಲಿಯೇ ಕುಳಿತು ದಿನಕ್ಕೊಂದು ಪುಟ ತಿದ್ದಿದರೂ ವರ್ಷಕ್ಕೆ 365 ಪುಟ. ಒಂದು ದೊಡ್ಡ ಪುಸ್ತಕವೇ ಆಯಿತು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷಗಳು ಕಳೆದ ಮೇಲೆ ಅವರ ಕೃತಿ ಎಲ್ಲರದಾಗುತ್ತದೆ. ಅಂತಹ ಎಷ್ಟೋ ಕನ್ನಡ ಪುಸ್ತಕಗಳು ಹಳದಿ ಹಸಿರಿನ ಬಣ್ಣಕ್ಕಾಗಿ ಕಾಯುತ್ತಿವೆ.

ತೆಂಗಿನ ಸಸಿಯನ್ನು ನೆಡುವ ಅಜ್ಜ ತನಗಾಗಿ ನೆಡುವುದಿಲ್ಲ. ಅದರ ಪೂರ್ಣ ಫಸಲನ್ನು ಉಣ್ಣುವವರು ಮೊಮ್ಮಕ್ಕಳು. ಈ ಸತ್ಯವನ್ನು ಹೊನ್ನವಳ್ಳಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ರಂಥದ ಸೇವೆಯೂ ಅದೇ ಬಗೆಯದು. ತಂಜಾವೂರಿನ ಆ ಪಂಡಿತರಿಗೆ ಸನ್ಮಾನ ನಡೆಯಲಿಲ್ಲ, ಶಿಲೆಯಲ್ಲಿ ಹೆಸರು ಕೊರೆಯಲಿಲ್ಲ. ಆದರೂ ಅವರು ಕೊಟ್ಟದ್ದು ನೂರು ವರ್ಷ ಕಳೆದರೂ ಓದಿಸಿಕೊಳ್ಳುತ್ತಲೇ ಇದೆ. ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡುವಿರಾ?