ಕರ್ನಾಟಕದ ಪಾನೀಯೋದ್ಯಮದ ಆಡಳಿತಗಾರರ ವೃತ್ತಿಮಾರ್ಗಗಳು

ಬಿಯರ್, ವಿಸ್ಕಿ, ಕಾಫಿ, ತಂಪು ಪಾನೀಯ ಹಾಗೂ ಬಾಟಲಿ ನೀರನ್ನು ತಯಾರಿಸಿ ಮಾರುವ ಸಂಸ್ಥೆಗಳ ಅಧ್ಯಕ್ಷರು, ವ್ಯವಸ್ಥಾಪಕ ನಿರ್ದೇಶಕರು ಮತ್ತು ಮುಖ್ಯ ತಂತ್ರಜ್ಞರನ್ನು ಪಾನೀಯೋದ್ಯಮದ ಆಡಳಿತಗಾರರು ಎಂದು ಕರೆಯಬಹುದು. ಕರ್ನಾಟಕದಲ್ಲಿ ಈ ಸ್ಥಾನಗಳಿಗೆ ಬಂದವರ ಹಾದಿ ಒಂದೇ ಬಗೆಯದಲ್ಲ. ಕೆಲವರು ಷೇರು ಕೊಂಡು ಬಂದರು, ಕೆಲವರು ತಂದೆಯ ಉತ್ತರಾಧಿಕಾರಿಗಳಾಗಿ ಬಂದರು, ಕೆಲವರು ತೋಟದಿಂದ ಬಂದರು, ಒಬ್ಬರು ಆಟೋರಿಕ್ಷಾ ಓಡಿಸಿ ಬಂದರು. ವಿದ್ಯೆಯ ಬಲದಿಂದ ಬರಬಯಸಿದ ಒಬ್ಬ ಮಹಿಳೆಗೆ ಬಾಗಿಲು ತೆರೆಯಲಿಲ್ಲ.

ಯುನೈಟೆಡ್ ಬ್ರೂವರೀಸ್ ಮತ್ತು ಮಲ್ಯ ಕುಟುಂಬ

ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವರು ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಮೂರು ದಶಕಗಳ ಕಾಲ ಅದರ ಆಡಳಿತ ಬ್ರಿಟಿಷರ ಕೈಯಲ್ಲೇ ಇತ್ತು. ಬಂಟ್ವಾಳ ಮೂಲದ ಸೇನಾ ವೈದ್ಯರ ಮಗ ವಿಠಲ ಮಲ್ಯ (1924–1983) ಅದರ ಷೇರುಗಳನ್ನು ಕೊಳ್ಳುತ್ತ ಹೋಗಿ 1947ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರಾದರು. ಆಗ ಅವರಿಗೆ ಇನ್ನೂ ಇಪ್ಪತ್ತನಾಲ್ಕು ವರ್ಷ. ಅವರು ಬಿಯರ್ ತಯಾರಿಕೆ ಕಲಿತವರಲ್ಲ. ಲೆಕ್ಕಪತ್ರ ಓದಿ ಕಂಪನಿಗಳನ್ನು ಕೊಳ್ಳುವುದು ಅವರ ವಿದ್ಯೆಯಾಗಿತ್ತು. 1951ರಲ್ಲಿ ಮೆಕ್‌ಡೊವೆಲ್ ಕಂಪನಿಯನ್ನೂ ಅದೇ ರೀತಿಯಲ್ಲಿ ವಶಕ್ಕೆ ಪಡೆದರು. 1983ರಲ್ಲಿ ಅವರು ನಿಧನರಾದಾಗ ಮಗ ವಿಜಯ ಮಲ್ಯ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಸಮೂಹದ ಮುಖ್ಯಸ್ಥರಾದರು. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಈಗ ಬಿಯರ್ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಬಳಿಯೂ, ಮದ್ಯದ ಕಂಪನಿಯಾದ ಯುನೈಟೆಡ್ ಸ್ಪಿರಿಟ್ಸ್‌ನ ಹಿಡಿತ ಬ್ರಿಟನ್ನಿನ ಡಿಯಾಜಿಯೊ ಬಳಿಯೂ ಇದೆ.

ಒಡೆತನ ಬದಲಾದೊಡನೆ ಮೇಲೇರುವ ಮೆಟ್ಟಿಲುಗಳೂ ಬದಲಾದವು. 2014ರಲ್ಲಿ ಯುನೈಟೆಡ್ ಸ್ಪಿರಿಟ್ಸ್‌ನ ಹೊಣೆ ಹೊತ್ತ ಆನಂದ್ ಕೃಪಾಲು ಅದಕ್ಕೆ ಮೊದಲು ಯೂನಿಲಿವರ್ ಹಾಗೂ ಕ್ಯಾಡ್‌ಬರಿಯಲ್ಲಿದ್ದವರು. 2021ರಲ್ಲಿ ಅವರ ಸ್ಥಾನಕ್ಕೆ ಬಂದ ಹಿನಾ ನಾಗರಾಜನ್ ನೆಸ್ಲೆ, ರೆಕಿಟ್ ಮುಂತಾದ ಸಂಸ್ಥೆಗಳಲ್ಲಿ ದುಡಿದವರು. ಸಾಬೂನು, ಚಾಕೊಲೇಟು ಮಾರಿದ ಅನುಭವವೇ ಇಂದು ಮದ್ಯದ ಕಂಪನಿಗೂ ಅರ್ಹತೆಯಾಗಿದೆ.

ಕಿರಣ್ ಮಜುಂದಾರ್: ಮುಚ್ಚಿದ ಹಾದಿ

ಕಿರಣ್ ಮಜುಂದಾರ್-ಶಾ 1953ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂದು ಬಯೋಕಾನ್ ಸಂಸ್ಥಾಪಕಿಯೆಂದೇ ಪ್ರಸಿದ್ಧರಾಗಿರುವ ಅವರು ಮೂಲತಃ ಪಾನೀಯೋದ್ಯಮಕ್ಕೆ ಸಿದ್ಧರಾದವರು ಎಂಬುದನ್ನು ಹಲವರು ಮರೆಯುತ್ತಾರೆ. ಅವರ ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್ ಆಗಿದ್ದರು. ಬಾರ್ಲಿಯನ್ನು ಮೊಳಕೆ ಬರಿಸುವುದು, ಹುದುಗು ಹಿಡಿಸುವುದು, ಸೋಸುವುದು, ಪ್ರತಿ ಕಡಾಯಿಯ ರುಚಿ ಒಂದೇ ತೆರನಾಗಿರುವಂತೆ ನೋಡಿಕೊಳ್ಳುವುದು ಬ್ರೂಮಾಸ್ಟರರ ಕೆಲಸ. ಆ ಕಾಲದ ಬಿಯರ್ ಕಾರ್ಖಾನೆಯಲ್ಲಿ ತಾಂತ್ರಿಕವಾಗಿ ಅದಕ್ಕಿಂತ ದೊಡ್ಡ ಹುದ್ದೆಯಿರಲಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದಿಂದ 1973ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ಮಗಳಿಗೆ ತಂದೆಯೇ ಈ ವಿದ್ಯೆಯನ್ನು ಕಲಿಯಲು ಸೂಚಿಸಿದರು. ಆಸ್ಟ್ರೇಲಿಯದ ಬಲ್ಲಾರಟ್ ಕಾಲೇಜಿನ ತರಗತಿಯಲ್ಲಿ ಅವರೊಬ್ಬರೇ ಮಹಿಳೆ. ಅಲ್ಲಿ ಮೊದಲ ಸ್ಥಾನ ಪಡೆದು 1975ರಲ್ಲಿ ಮಾಸ್ಟರ್ ಬ್ರೂವರ್ ಆದರು. ಮೆಲ್ಬರ್ನಿನ ಕಾರ್ಲ್‌ಟನ್ ಆ್ಯಂಡ್ ಯುನೈಟೆಡ್ ಬ್ರೂವರೀಸ್‌ನಲ್ಲಿ ತರಬೇತಿಯನ್ನೂ ಪಡೆದರು. ಭಾರತಕ್ಕೆ ಮರಳಿದ ಮೇಲೆ ಕಲ್ಕತ್ತ ಹಾಗೂ ಬರೋಡಗಳಲ್ಲಿ ತಾಂತ್ರಿಕ ಸಲಹೆಯ ಕೆಲಸಗಳು ಸಿಕ್ಕವು, ಆದರೆ ಬ್ರೂಮಾಸ್ಟರ್ ಹುದ್ದೆ ಎಲ್ಲಿಯೂ ಸಿಗಲಿಲ್ಲ. ಅದು ಗಂಡಸರ ಕೆಲಸ ಎಂಬುದೇ ಉತ್ತರವಾಗಿತ್ತು. ಅಂಕಪಟ್ಟಿಯಲ್ಲಿ ದೋಷವಿದ್ದಿದ್ದರೆ ತಿದ್ದಿಕೊಳ್ಳಬಹುದಿತ್ತು. ಈ ಆಕ್ಷೇಪಕ್ಕೆ ಅಂಥ ಪರಿಹಾರವಿರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಕೆಲಸಕ್ಕೆ ಹೊರಡಲಿದ್ದಾಗ ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್‌ನ ಲೆಸ್ಲಿ ಆಕಿನ್‌ಕ್ಲಾಸ್ ಅವರ ಪರಿಚಯವಾಯಿತು. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಇಂಡಿಯಾ ಆರಂಭವಾಯಿತು. ಅದರ ಮೊದಲ ಉತ್ಪನ್ನಗಳು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಎರಡರ ಉಪಯೋಗವೂ ಬಿಯರ್ ತಯಾರಿಕೆಯಲ್ಲಿಯೇ: ತಂಪು ಮಾಡಿದಾಗ ಬಿಯರ್ ಮಬ್ಬಾಗದಂತೆ ಪಪೈನ್ ತಡೆಯುತ್ತದೆ, ತೇಲುವ ಹುದುಗನ್ನು ಐಸಿಂಗ್ಲಾಸ್ ತಳಕ್ಕೆ ಇಳಿಸುತ್ತದೆ. ಬಿಯರ್ ಕಾರ್ಖಾನೆಯೊಳಗೆ ಪ್ರವೇಶ ಸಿಗದವರು ಆ ಕಾರ್ಖಾನೆಗಳಿಗೆ ಬೇಕಾದ ವಸ್ತುವನ್ನು ತಯಾರಿಸತೊಡಗಿದ್ದು ಹೀಗೆ. ಔಷಧ ತಯಾರಿಕೆ ಆಮೇಲಿನದು.

ಅಮೃತ್ ಡಿಸ್ಟಿಲರೀಸ್

1948ರಲ್ಲಿ ಜೆ. ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಆರಂಭಿಸಿದ ಈ ಸಂಸ್ಥೆ ಕುಟುಂಬದ ಉತ್ತರಾಧಿಕಾರಕ್ಕೆ ಉದಾಹರಣೆ. ಮಗ ನೀಲಕಂಠ ರಾವ್ ಜಗದಾಳೆ (ನಿಧನ 2019) ಸಂಸ್ಥೆಯನ್ನು ಬೆಳೆಸಿದರು. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂ.ಬಿ.ಎ. ಓದುವಾಗ ಭಾರತದ ಸಿಂಗಲ್ ಮಾಲ್ಟ್ ವಿಸ್ಕಿಗೆ ಅಲ್ಲಿ ಮಾರುಕಟ್ಟೆಯಿದೆಯೇ ಎಂಬುದನ್ನೇ ಅಧ್ಯಯನ ವಿಷಯವನ್ನಾಗಿ ಆರಿಸಿಕೊಂಡರು. 2004ರ ಆಗಸ್ಟಿನಲ್ಲಿ ವಿಸ್ಕಿಯ ತವರಾದ ಗ್ಲಾಸ್ಗೋದಲ್ಲಿಯೇ ಅದು ಬಿಡುಗಡೆಯಾಯಿತು. ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಶೇ. 10ಕ್ಕೂ ಮೀರಿ ಆವಿಯಾಗುತ್ತದೆ. ಆದರೆ ಇಲ್ಲಿ ಬೇಗ ಹದಗೊಳ್ಳುತ್ತದೆ.

ಕಾಫಿ

ಕಾಫಿಯ ಮಾರಾಟ 1990ರ ದಶಕದವರೆಗೆ ಕಾಫಿ ಮಂಡಳಿಯ ಕೈಯಲ್ಲಿತ್ತು. ಬೆಳೆಗಾರರು ಫಸಲನ್ನು ಮಂಡಳಿಗೆ ಒಪ್ಪಿಸಬೇಕಾಗಿತ್ತು. ಆದ್ದರಿಂದ ಕಾಫಿ ತಜ್ಞರಿಗೆ ಮಂಡಳಿಯ ನೌಕರಿಯೇ ಮುಖ್ಯ ಹಾದಿ. 1972ರಲ್ಲಿ ರುಚಿಪರೀಕ್ಷಕರಾಗಿ ಸೇರಿದ ಸುನಾಲಿನಿ ಮೆನನ್ ಗುಣಮಟ್ಟ ವಿಭಾಗದ ಮುಖ್ಯಸ್ಥರಾದರು. ಮುಕ್ತ ಮಾರಾಟ ಬಂದ ಮೇಲೆ ಹುದ್ದೆಯನ್ನು ಬಿಟ್ಟು ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಸ್ಥಾಪಿಸಿದರು.

ಅದೇ ಬದಲಾವಣೆಯಿಂದ ವಿ. ಜಿ. ಸಿದ್ಧಾರ್ಥ (1959–2019) ಮೇಲೆ ಬಂದರು. ಚಿಕ್ಕಮಗಳೂರಿನ ಬೆಳೆಗಾರ ಕುಟುಂಬದ ಅವರು ಮಂಗಳೂರಿನಲ್ಲಿ ಓದಿ, ಮುಂಬಯಿಯ ಜೆ.ಎಂ. ಫೈನಾನ್ಷಿಯಲ್‌ನಲ್ಲಿ ಷೇರು ವ್ಯವಹಾರ ಕಲಿತರು. 1993ರಲ್ಲಿ ಕಾಫಿ ರಫ್ತು ಸಂಸ್ಥೆ, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಆರಂಭಿಸಿದರು. ಸಮೂಹದ ಸಾಲ ಏಳು ಸಾವಿರ ಕೋಟಿ ರೂಪಾಯಿ ದಾಟಿದ್ದ ವರ್ಷದಲ್ಲಿ, 2019ರ ಜುಲೈ 29ರಂದು, ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು. ಎರಡು ದಿನಗಳ ನಂತರ ಅವರ ದೇಹ ದೊರೆಯಿತು. 2020ರ ಡಿಸೆಂಬರಿನಲ್ಲಿ ಪತ್ನಿ ಮಾಳವಿಕಾ ಹೆಗ್ಡೆ ಮುಖ್ಯ ಕಾರ್ಯನಿರ್ವಾಹಕರಾದರು. ಆಸ್ತಿ ಮಾರಿ ಸಾಲ ತೀರಿಸುವ ಕಾರ್ಯ ಅವರ ಅವಧಿಯಲ್ಲಿ ಮುಂದುವರಿಯಿತು. ಹೊಸ ಮಳಿಗೆ ತೆರೆಯುವುದಕ್ಕಿಂತ ಇದು ಕಠಿಣವಾದ ಆಡಳಿತ.

ತಂಪು ಪಾನೀಯ

ಪುತ್ತೂರಿನ ಸತ್ಯಶಂಕರ್ ಆಟೋರಿಕ್ಷಾ ಚಾಲಕರಾಗಿ ದುಡಿಮೆ ಆರಂಭಿಸಿದವರು. ವಾಹನದ ಬಿಡಿಭಾಗ, ಟಯರ್ ಹಾಗೂ ವಾಹನ ಸಾಲದ ವ್ಯವಹಾರಗಳ ನಂತರ ಬಿಂದು ಹೆಸರಿನ ಕುಡಿಯುವ ನೀರನ್ನೂ ಜೀರಿಗೆ ಪಾನೀಯವನ್ನೂ ಮಾರುಕಟ್ಟೆಗೆ ತಂದರು. ಜೀರಿಗೆಯ ರುಚಿಗೆ ಕರಾವಳಿಯವರಿಗೆ ಜಾಹೀರಾತು ಬೇಕಿರಲಿಲ್ಲ.

ಸರ್ಕಾರಿ ಹಾದಿ

2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ ಕರ್ನಾಟಕ ರಾಜ್ಯ ಪಾನೀಯ ನಿಗಮದ್ದಾಗಿದೆ. ಅದರ ವ್ಯವಸ್ಥಾಪಕ ನಿರ್ದೇಶಕರು ಆಡಳಿತ ಸೇವೆಯ ಅಧಿಕಾರಿಗಳು. ಇವರಿಗೆ ಇದು ವರ್ಗಾವಣೆಯ ಒಂದು ನಿಲ್ದಾಣ ಮಾತ್ರ.

ವಿಜಯನಗರ–ಬಳ್ಳಾರಿ ಭಾಗ

ಹೊಸಪೇಟೆ, ಹಂಪಿ, ಕಂಪ್ಲಿಗಳಲ್ಲಿ ಮೇಲೆ ಹೇಳಿದಂಥ ದೊಡ್ಡ ಪಾನೀಯ ಸಂಸ್ಥೆ ಬೆಳೆಯಲಿಲ್ಲ. ಆದರೆ ಕಚ್ಚಾವಸ್ತು ಇಲ್ಲಿದೆ. ವಿಜಯನಗರ ಕಾಲದ ತುಂಗಭದ್ರಾ ಕಾಲುವೆಗಳ ಕೆಳಗೆ ಇಂದಿಗೂ ಕಬ್ಬು, ಬಾಳೆ, ಭತ್ತ ಬೆಳೆಯುತ್ತಾರೆ. ಒಂದು ಟನ್ ಕಬ್ಬು ಅರೆದರೆ ಸುಮಾರು 40ರಿಂದ 45 ಕಿಲೊ ಕಾಕಂಬಿ ಉಳಿಯುತ್ತದೆ, ಮದ್ಯಸಾರ ಬಟ್ಟಿ ಇಳಿಸುವುದು ಬಹುಮಟ್ಟಿಗೆ ಅದರಿಂದಲೇ. ಆದ್ದರಿಂದ ಈ ಭಾಗದ ವಿಜ್ಞಾನ ಪದವೀಧರರಿಗೆ ಸಹಜವಾದ ಹಾದಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದ ಮೂಲಕ ಸಾಗುತ್ತದೆ: ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಅಥವಾ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯಲ್ಲಿ ವಿಶೇಷ ಶಿಕ್ಷಣ, ಬಳಿಕ ಕಾರ್ಖಾನೆಯ ರಸಾಯನಜ್ಞ, ಬಳಿಕ ಡಿಸ್ಟಿಲರಿಯ ವ್ಯವಸ್ಥಾಪಕ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ದೀರ್ಘಕಾಲ ನಡೆದ ಐ.ಎಸ್.ಆರ್. ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಆ ಹಾದಿಯ ಮೊದಲ ಮೆಟ್ಟಿಲು ಊರಿನಲ್ಲಿ ಉಳಿದಿಲ್ಲ. ಕಬ್ಬು ಹೊರಗಿನ ಕಾರ್ಖಾನೆಗಳಿಗೂ ಬೆಲ್ಲದ ಆಲೆಮನೆಗಳಿಗೂ ಹೋಗುತ್ತದೆ. ಸಂಡೂರಿನಲ್ಲಿ ತಾಂತ್ರಿಕ ಶಿಕ್ಷಣ ಪಡೆದವರನ್ನು ಕರೆಯುವುದು ಅದಿರಿನ ಗಣಿಗಳು.